ಹತ್ತೊಂಬತ್ತನೆಯವನು: ಬೆಳಗಾವಿಯ ಫಡೆಪ್ಪ ಚೌಗುಲೆ

ಭಾರತದ ಹೆಸರಲ್ಲಿ ಒಲಿಂಪಿಕ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲಿಗರು ನಮ್ಮ ಬೆಳಗಾವಿಯವರು. ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಶಾಲೆಯ ಪುಸ್ತಕದಲ್ಲಿ ಓದಿದ್ದೀರಾ? ನಾನಂತೂ ಓದಿಲ್ಲ.

ಕತೆ ಶುರುವಾಗೋದು ಪುಣೆಯಲ್ಲಿ, 1919ರಲ್ಲಿ. ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಸರ್ ದೊರಾಬ್ಜಿ ಟಾಟಾ ಅಧ್ಯಕ್ಷರು. ದೂರದ ಓಟಕ್ಕೆ ನಿಂತವರು ಹೆಚ್ಚಾಗಿ ರೈತಾಪಿ ಮಂದಿ. ಬರಿಗಾಲು, ತರಬೇತಿ ಇಲ್ಲ. ಆದರೂ ಅವರ ಓಟ ಯುರೋಪಿನವರಿಗೆ ಹತ್ತಿರ ಬರೋ ಹಾಗಿತ್ತು. ಇವರನ್ನು ಆಂಟ್‌ವರ್ಪ್‌ಗೆ ಕಳಿಸೋಣ ಅಂತ ಟಾಟಾ ಹೊರಟರು. 100 ಮೀಟರ್ ಅರ್ಹತೆಗೆ ಎಷ್ಟು ಸಮಯ ಇಟ್ಟಿದ್ದೀರಿ ಅಂತ ಕೇಳಿದರೆ, ಸಮಿತಿಯ ಹಿರಿಯರೊಬ್ಬರು ಒಂದೆರಡು ನಿಮಿಷ ಆಗಬಹುದು ಅಂದರಂತೆ! ಅದು ಸೆಕೆಂಡಿನ ಲೆಕ್ಕ ಅಂತ ತಿಳಿದು ಅವರು ದಂಗಾಗಿಹೋದರು. ನಮ್ಮ ಒಲಿಂಪಿಕ್ ತಯಾರಿ ಶುರುವಾದದ್ದು ಇಲ್ಲಿಂದ.

ಚೌಗುಲೆ ಹಡಗು ಹತ್ತಿದರು. 1920ರ ಆಗಸ್ಟ್ 22ರ ಆ ಮ್ಯಾರಥಾನ್ 42.75 ಕಿಲೋಮೀಟರ್, ಈಗಿನದಕ್ಕಿಂತ ಸ್ವಲ್ಪ ಉದ್ದ. ನಮ್ಮ ನಾರ್ವೆ ಕಡೆಯವರಿಗೆ ಹೇಳೋದಾದರೆ, ಕೊಪ್ಪದಿಂದ ಶೃಂಗೇರಿಗೆ ಹೋಗಿ ಹೆಚ್ಚುಕಡಿಮೆ ಅರ್ಧ ದಾರಿ ವಾಪಸ್ ಬಂದಷ್ಟು. ಫಿನ್ಲೆಂಡಿನ ಹನ್ನೆಸ್ ಕೋಲೆಮೈನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದರು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಬಂದು 19ನೆಯವರಾದರು. ಜೊತೆಗೆ ಓಡಿದ ಸದಾಶಿವ ದಾತಾರ್‌ಗೆ ಓಟ ಮುಗಿಸೋಕೆ ಆಗಲಿಲ್ಲ.

ಆಗಿನ ಒಲಿಂಪಿಕ್ಸ್‌ಗೆ ಒಂದು ನಿಯಮ ಇತ್ತು: ಆಟದಿಂದ ಕಾಸು ಮುಟ್ಟಿರಬಾರದು. ಅಮೆರಿಕದ ಜಿಮ್ ಥೋರ್ಪ್ ಯಾವುದೋ ಸಣ್ಣ ಲೀಗಿನಲ್ಲಿ ಒಂದೆರಡು ಸೀಸನ್ ಕೂಲಿಗೆ ಬೇಸ್‌ಬಾಲ್ ಆಡಿದ್ದಕ್ಕೇ 1912ರ ಎರಡು ಚಿನ್ನದ ಪದಕ ಕಿತ್ತುಕೊಂಡರು. ಹೊಟ್ಟೆ ತುಂಬಿದವರು ಮಾಡಿದ ನಿಯಮ ಅದು, ನನ್ನ ಅಭಿಪ್ರಾಯ. ಹೊಲ ಬಿಟ್ಟು ಬಂದ ಓಟಗಾರ ಓಟವನ್ನೇ ನಂಬಿ ಬದುಕೋದು ಹೇಗೆ?

ನಾಲ್ಕು ವರ್ಷ ಕಳೆದು 1924ರ ಪ್ಯಾರಿಸ್‌ಗೆ ಭಾರತದ ತಂಡ ಹೋಯಿತು. ಮ್ಯಾರಥಾನ್ ಓಡಿದ್ದು ಮಹಾದೇವ್ ಸಿಂಗ್, ಬಂದದ್ದು 29ನೆಯವರಾಗಿ. ಚೌಗುಲೆ ಆ ತಂಡದಲ್ಲಿ ಇರಲಿಲ್ಲ.