ಜಠರದ ಕ್ಯಾನ್ಸರ್ ಮತ್ತು ರಕ್ತದ ಕೊಬ್ಬಿನಂಶ

ಜಠರದ ಕ್ಯಾನ್ಸರ್ ಇರುವವರ ರಕ್ತದಲ್ಲಿ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಮತ್ತು ಅವನ್ನು ಹೊತ್ತೊಯ್ಯುವ ಲಿಪೊಪ್ರೋಟೀನ್‌ಗಳ ಮಟ್ಟ ಏರುಪೇರಾಗುತ್ತದೆ. ರೋಗಿಯ ಪೋಷಣೆ ಹೇಗಿದೆ, ಶಸ್ತ್ರಚಿಕಿತ್ಸೆಯನ್ನು ದೇಹ ಎಷ್ಟು ತಾಳೀತು ಎಂದು ಅಂದಾಜಿಸಲು ಈ ಅಂಕಿಗಳು ನೆರವಾಗುತ್ತವೆ. ಹೃದ್ರೋಗದ ಭಯದಲ್ಲಿ ಬದುಕುವ ನಮಗೆ ಕೊಲೆಸ್ಟ್ರಾಲ್ ಇಳಿದರೆ ಸಮಾಧಾನ. ಆದರೆ ಮಾತ್ರೆಯೂ ಪಥ್ಯವೂ ಇಲ್ಲದೆ ತಾನಾಗಿ ಇಳಿದ ಕೊಲೆಸ್ಟ್ರಾಲ್, ತೂಕವೂ ಕರಗುತ್ತಿದ್ದರೆ, ಸಮಾಧಾನಪಡುವ ಸಂಗತಿಯಲ್ಲ.

ಈ ರೋಗಿಗಳಲ್ಲಿ ಪದೇ ಪದೇ ಕಂಡುಬಂದಿರುವುದು ಎಚ್‌ಡಿಎಲ್ ಎಂಬ ಲಿಪೊಪ್ರೋಟೀನ್‌ನ ಇಳಿಕೆ. ರೋಗ ಮುಂದುವರಿದಾಗ ಒಟ್ಟು ಕೊಲೆಸ್ಟ್ರಾಲ್ ಕೂಡ ಕುಸಿಯುವುದುಂಟು. ಹಸಿವು ಸತ್ತು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗಿ ಊಟ ತಗ್ಗುವುದು ಒಂದು ಕಾರಣ. ಬೆಳೆಯುವ ಗಡ್ಡೆಯ ಹಸಿವು ಇನ್ನೊಂದು: ವೇಗವಾಗಿ ವಿಭಜನೆಯಾಗುವ ಕೋಶಗಳಿಗೆ ಹೊಸ ಪೊರೆ ಕಟ್ಟಲು ಕೊಲೆಸ್ಟ್ರಾಲ್ ಬೇಕು, ಅದನ್ನು ಅವು ರಕ್ತದಲ್ಲಿನ ಎಲ್‌ಡಿಎಲ್ ಎಂಬ ಇನ್ನೊಂದು ಲಿಪೊಪ್ರೋಟೀನ್‌ನಿಂದಲೂ ಸೆಳೆದುಕೊಳ್ಳಬಲ್ಲವು. ಉರಿಯೂತ ಮೂರನೆಯದು. ಆಗ ಯಕೃತ್ತು ಹೆಚ್ಚಾಗಿ ತಯಾರಿಸುವ ಸೀರಮ್ ಅಮೈಲಾಯ್ಡ್ ಎ ಎಂಬ ಪ್ರೋಟೀನು ಎಚ್‌ಡಿಎಲ್ ಕಣದೊಳಗೆ ಸೇರಿ, ಅದರ ಮುಖ್ಯ ಪ್ರೋಟೀನನ್ನು ಹೊರದಬ್ಬುತ್ತದೆ. ಟ್ರೈಗ್ಲಿಸರೈಡ್‌ನ ನಡೆ ಮಾತ್ರ ಒಂದೇ ತೆರನಾಗಿಲ್ಲ. ಉಪವಾಸ ಅದನ್ನು ಇಳಿಸಿದರೆ, ಉರಿಯೂತದ ಟಿಎನ್‌ಎಫ್ ಎಂಬ ಸಂಕೇತಕಣವು ಕೊಬ್ಬನ್ನು ಒಡೆಯುವ ಕಿಣ್ವವನ್ನು ತಡೆದು ಏರಿಸುತ್ತದೆ. ದೇಹವನ್ನು ಸೊರಗಿಸುವ ವಸ್ತುವೆಂದು ‘ಕ್ಯಾಕೆಕ್ಟಿನ್’ ಹೆಸರಿನಲ್ಲಿ ಬೇರೆಯಾಗಿ ಗುರುತಿಸಿದ್ದೂ ಇದನ್ನೇ. ಎರಡೂ ಒಂದೇ ಎಂದು 1985ರಲ್ಲಿ ತಿಳಿಯಿತು.

ಜಠರಕ್ಕೇ ವಿಶಿಷ್ಟವಾದ ಇನ್ನೊಂದು ಎಳೆ ಹೆಲಿಕೊಬ್ಯಾಕ್ಟರ್ ಪೈಲೊರಿ. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ತಂದ ಈ ಬ್ಯಾಕ್ಟೀರಿಯಾವನ್ನು 1994ರಲ್ಲೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳಿಗೆ ಸೇರಿಸಲಾಗಿತ್ತು. ಅದಕ್ಕೆ ಸ್ವಂತವಾಗಿ ಕೊಲೆಸ್ಟ್ರಾಲ್ ತಯಾರಿಸಲು ಬಾರದು. ಜಠರದ ಒಳಪದರದ ಕೋಶಗಳಿಂದ ಕಿತ್ತುಕೊಂಡು, ಅದಕ್ಕೆ ಸಕ್ಕರೆಯ ಕಣ ಅಂಟಿಸಿ, ತನ್ನ ಹೊರಕವಚಕ್ಕೆ ಸೇರಿಸಿಕೊಳ್ಳುತ್ತದೆ. ದೇಹದ ರಕ್ಷಣಾಕೋಶಗಳಿಂದ ತಪ್ಪಿಸಿಕೊಳ್ಳಲು ಇದು ಅನುಕೂಲ. ಈ ಸೋಂಕಿರುವವರಲ್ಲಿ ಎಚ್‌ಡಿಎಲ್ ಕಡಿಮೆಯಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಹಾಗಾಗಿ ಒಬ್ಬ ರೋಗಿಯ ಎಚ್‌ಡಿಎಲ್ ಇಳಿಕೆಯಲ್ಲಿ ಸೋಂಕಿನ ಪಾಲೆಷ್ಟು, ಗಡ್ಡೆಯ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ವೈದ್ಯರಿಗೆ ನೇರವಾಗಿ ಉಪಯೋಗಕ್ಕೆ ಬರುವುದು ‘ಕೋನಟ್’ ಎಂಬ ಪೋಷಣಾ ಅಂಕ. ಅಲ್ಬುಮಿನ್, ಲಿಂಫೊಸೈಟ್ ಎಣಿಕೆ, ಒಟ್ಟು ಕೊಲೆಸ್ಟ್ರಾಲ್ ಈ ಮೂರನ್ನು ಕೂಡಿಸಿ ಅದನ್ನು ಲೆಕ್ಕಹಾಕುತ್ತಾರೆ. ಕೊಲೆಸ್ಟ್ರಾಲ್ ಡೆಸಿಲೀಟರಿಗೆ 180 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಸೊನ್ನೆ, 140ರಿಂದ 179ಕ್ಕೆ ಒಂದು, 100ರಿಂದ 139ಕ್ಕೆ ಎರಡು, 100ಕ್ಕಿಂತ ಕೆಳಗಿಳಿದರೆ ಮೂರು. ಒಟ್ಟು ಅಂಕ ಏರಿದಷ್ಟೂ ಪೋಷಣೆ ಹದಗೆಟ್ಟಿದೆ ಎಂದರ್ಥ. ಹೃದ್ರೋಗ ತಜ್ಞರು ಮೆಚ್ಚುವ 130 ಇಲ್ಲಿ ಎರಡು ಅಂಕದ ದೋಷ. ಜಠರದ ಶಸ್ತ್ರಚಿಕಿತ್ಸೆಗೆ ಮುನ್ನ ಈ ಅಂಕ ಹೆಚ್ಚಿದ್ದವರಲ್ಲಿ ತೊಡಕುಗಳು ಹೆಚ್ಚು, ಬದುಕುಳಿಯುವ ಕಾಲ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ.

ಆದರೂ ಈ ಕೊಬ್ಬಿನಂಶಗಳನ್ನು ಅಳೆಯುವ ಲಿಪಿಡ್ ಪರೀಕ್ಷೆ ಕ್ಯಾನ್ಸರ್ ಪತ್ತೆಹಚ್ಚುವ ಪರೀಕ್ಷೆಯಲ್ಲ. ಇಳಿದ ಎಚ್‌ಡಿಎಲ್‌ಗೆ ಧೂಮಪಾನ, ಮಧುಮೇಹ, ಬೊಜ್ಜು ಇಂಥ ಹತ್ತು ಕಾರಣಗಳಿರಬಹುದು. ಜಠರದ ಕ್ಯಾನ್ಸರ್ ಖಚಿತವಾಗುವುದು ಎಂಡೋಸ್ಕೊಪಿಯಲ್ಲಿ ತೆಗೆದ ಅಂಗಾಂಶದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದಾಗಲೇ.

ಜಠರವನ್ನು ಪೂರ್ತಿ ತೆಗೆದ ಮೇಲೆ ಈ ಅಂಕಿಗಳ ಅರ್ಥ ಮತ್ತೆ ಬದಲಾಗುತ್ತದೆ. ಹಸಿವೆಯ ಹಾರ್ಮೋನಾದ ಗ್ರೆಲಿನ್ ಬಹುಪಾಲು ಹುಟ್ಟುವುದು ಜಠರದಲ್ಲೇ. ಅದು ತಗ್ಗಿ, ಊಟ ಕಿರಿದಾಗಿ, ಕೊಬ್ಬು ಸರಿಯಾಗಿ ಹೀರಿಕೆಯಾಗದೆ ತೂಕದ ಜೊತೆ ಕೊಲೆಸ್ಟ್ರಾಲ್ ಕೂಡ ಇಳಿಯುತ್ತದೆ. ಆಗಿನ ಇಳಿಕೆಯನ್ನು ಕ್ಯಾನ್ಸರ್ ಮರುಕಳಿಸಿತೆಂದು ಓದುವ ಮೊದಲು ರೋಗಿ ದಿನಕ್ಕೆ ಎಷ್ಟು ಬಾರಿ, ಎಷ್ಟು ಉಣ್ಣುತ್ತಿದ್ದಾರೆಂದು ಕೇಳಬೇಕು.