ಅಪ್ಪ ಕೊಂಡ ‘ಲಿಸ್ಟರ್ ಮಾದರಿ’ ಇಂಜಿನ್

ಕಳೆದ ತಿಂಗಳು ತೋಟದ ಹುಲ್ಲು ಕೊಯ್ಯುವ ಯಂತ್ರವೊಂದನ್ನು ಕೊಳ್ಳಲು ತಿಪಟೂರಿಗೆ ಹೋಗಿದ್ದೆ. ಅಂಗಡಿಯ ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ಎರಡು ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, “ಮೇಷ್ಟ್ರೇ, ಇದು ಹೋಂಡಾ. ಇದು ಚೈನಾದ್ದು. ಇಂಜಿನ್ ಮಾತ್ರ ಹೋಂಡಾದ್ದೇ ಅಚ್ಚು, ರೇಟು ಅರ್ಧಕ್ಕಿಂತ ಕಡಿಮೆ. ಯಾವುದು ಕೊಡಲಿ ಹೇಳಿ” ಎಂದ. ನನಗೆ ತಕ್ಷಣ ಉತ್ತರ ಹೇಳಲಾಗಲಿಲ್ಲ. ಇದೇ ಪ್ರಶ್ನೆ 1972ರ ಬರಗಾಲದಲ್ಲಿ ನಮ್ಮ ತಂದೆಯವರ ಎದುರು ನಿಂತಿದ್ದುದು ನೆನಪಾಯಿತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಿಗೆ ಅಲ್ಲಿಯವರೆಗೆ ಮಳೆ ಮತ್ತು ಕೆರೆಯ ಜೌಗೇ ಆಧಾರ. ಬಾವಿ ಇದ್ದವರು ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಚರ್ಮದ ಬಾನಿ ಮೇಲೆ ಬರುವುದು, ಹಿಂದೆ ಸರಿದಂತೆ ಬಾವಿಗೆ ಇಳಿಯುವುದು. ರಾಗಿಗೋ ತರಕಾರಿಗೋ ಅದು ಸಾಕಾಗುತ್ತಿತ್ತು. ಇನ್ನೂರು ತೆಂಗಿನ ಮರಗಳ ಪಾತಿ ತುಂಬಿಸುವುದು ಎತ್ತುಗಳಿಂದ ಆಗುವ ಮಾತಾಗಿರಲಿಲ್ಲ. ಆ ವರ್ಷ ಕೆರೆ ಬತ್ತಿತು, ಗರಿಗಳು ಜೋತುಬಿದ್ದವು, ಹರಳು ಉದುರತೊಡಗಿದವು. ವಿದ್ಯುತ್ ಕಂಬ ನಮ್ಮ ಊರಿಗೆ ಬಂದಿತ್ತಾದರೂ ತೋಟದವರೆಗೆ ತಂತಿ ಬಂದಿರಲಿಲ್ಲ. ಉಳಿದಿದ್ದುದು ಡೀಸೆಲ್ ಇಂಜಿನ್ ಒಂದೇ.

ಹೆಸರಾಂತ ಇಂಜಿನ್ ಎಂದರೆ ಆಗ ಪುಣೆಯ ಕಿರ್ಲೋಸ್ಕರ್. ಅದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆ ಬೆಲೆಗೆ ಗುಜರಾತಿನ ರಾಜಕೋಟೆಯಿಂದ ‘ಲಿಸ್ಟರ್ ಮಾದರಿ’ ಇಂಜಿನ್‌ಗಳು ಬರುತ್ತಿದ್ದವು. ಒಂದೊಂದಕ್ಕೂ ಒಂದೊಂದು ಹೆಸರು. ಬಣ್ಣ ಮಾತ್ರ ಸಾಮಾನ್ಯವಾಗಿ ಅದೇ ಹಸಿರು. ನಮ್ಮ ದೊಡ್ಡಪ್ಪನವರು, “ಸಾಲ ಮಾಡೋದೇ ಆದ್ರೆ ಹೆಸರಿರೋದಕ್ಕೆ ಮಾಡು, ನಕಲಿಗೆ ಯಾಕೆ ಮಾಡ್ತೀಯ” ಎಂದು ಜಗುಲಿಯ ಮೇಲೆ ಕುಳಿತು ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. ಅಟ್ಟದ ಮೇಲಿದ್ದ ಕೊಬ್ಬರಿಯ ಮೇಲೆ ಮಂಡಿಯವರಿಂದ ಮುಂಗಡ ತಂದದ್ದಾಗಿತ್ತು, ಅಮ್ಮನ ಎರಡೆಳೆ ಸರವೂ ಅಡವಿಗೆ ಹೋಗಿತ್ತು. ಇಷ್ಟಾದರೂ ಪುಣೆಯ ಇಂಜಿನ್ನಿಗೆ ಹಣ ಸಾಲದೆ ಅಪ್ಪ ರಾಜಕೋಟೆಯದನ್ನೇ ತಂದರು. ದೊಡ್ಡಪ್ಪ ಒಂದು ತಿಂಗಳು ತೋಟದ ಕಡೆ ತಲೆ ಹಾಕಲಿಲ್ಲ.

ಈ ಲಿಸ್ಟರ್ ಎಂಬುದೇನು? ಇಂಗ್ಲೆಂಡಿನ ಡರ್ಸ್ಲಿ ಎಂಬ ಸಣ್ಣ ಊರಿನಲ್ಲಿ 1867ರಲ್ಲಿ ರಾಬರ್ಟ್ ಆಷ್ಟನ್ ಲಿಸ್ಟರ್ ಆರಂಭಿಸಿದ ಕಂಪನಿ ಅದು. 1930ರ ಸುಮಾರಿಗೆ ಅವರು ಮಾರುಕಟ್ಟೆಗೆ ತಂದ ‘ಸಿ.ಎಸ್.’ ಡೀಸೆಲ್ ಇಂಜಿನ್ ಬ್ರಿಟಿಷ್ ಸಾಮ್ರಾಜ್ಯದ ಮೂಲೆಮೂಲೆಗೆ ಹೋಯಿತು. ಆರು ಅಶ್ವಶಕ್ತಿ, ನಿಮಿಷಕ್ಕೆ ಕೇವಲ 650 ಸುತ್ತು, ಎರಡು ಭಾರಿ ಗಾಲಿಗಳು. ನಿಧಾನವಾಗಿ ತಿರುಗುವುದರಿಂದ ಸವೆತ ಕಡಿಮೆ, ಒಳಗಿನ ರಚನೆ ಸರಳ, ಬಿಚ್ಚಿ ಜೋಡಿಸಲು ಇಂಜಿನಿಯರ್ ಬೇಕಾಗಿಲ್ಲ. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಬಿಗಿ ನಿರ್ಬಂಧಗಳು ಬಂದವು. ಆ ಹಳೆಯ ವಿನ್ಯಾಸಕ್ಕೆ ಪೇಟೆಂಟಿನ ಅಡ್ಡಿಯೂ ಉಳಿದಿರಲಿಲ್ಲ. ರಾಜಕೋಟೆಯ ಎರಕದ ಕಾರ್ಖಾನೆಗಳು ಅದನ್ನೇ ಅಚ್ಚು ಮಾಡಿಕೊಂಡವು. ಮೂಲದಲ್ಲಿ ಚಳಿದೇಶಕ್ಕೆಂದು ಇಟ್ಟಿದ್ದ ಒತ್ತಡ ಬದಲಿಸುವ ಕವಾಟವನ್ನು ನಮ್ಮ ಬಿಸಿಲಿಗೆ ಅನಗತ್ಯವೆಂದು ಅನೇಕರು ಕೈಬಿಟ್ಟರು. ಅದು ಬುದ್ಧಿವಂತಿಕೆ. ಮುಖ್ಯ ದಂಡಕ್ಕೆ ರೋಲರ್ ಬೇರಿಂಗ್ ಬದಲು ಕೆಲವರು ಬುಷ್ ಹಾಕಿದರು. ಅದು ಖರ್ಚು ಉಳಿಸುವ ಉಪಾಯ. ಎರಕದ ಮರಳನ್ನು ಸರಿಯಾಗಿ ತೊಳೆಯದೆ ಬಣ್ಣ ಬಳಿದು ಕಳಿಸಿದವರೂ ಇದ್ದರು. ಅದು ಶುದ್ಧ ಮೋಸ. ‘ನಕಲು’ ಎಂಬ ಒಂದೇ ಪದದೊಳಗೆ ಈ ಮೂರೂ ಸೇರಿಕೊಂಡಿರುತ್ತವೆ. ಕೊಳ್ಳುವಾಗ ಯಾವುದು ಎಷ್ಟಿದೆಯೆಂದು ಹೊರಗಿನಿಂದ ಕಾಣುವುದಿಲ್ಲ.

ನಮ್ಮ ಪಾಲಿಗೆ ಮೂರನೆಯದೂ ಬಂದಿತ್ತು. ಎರಡನೆಯ ಬೇಸಿಗೆಯ ನಡುವೆ ಇಂಜಿನ್ ಕಟಕಟ ಸದ್ದು ಮಾಡಿ ನಿಂತುಬಿಟ್ಟಿತು. ಮಾರಿದವರಿಗೆ ಕಾಗದ ಬರೆದರೆ ಉತ್ತರವಿಲ್ಲ. ತಿಪಟೂರಿನಿಂದ ಬಂದ ಮೇಸ್ತ್ರಿ ಕೆಳಗಿನ ಪೆಟ್ಟಿಗೆ ಬಿಚ್ಚಿ, ಆಯಿಲ್‌ನಲ್ಲಿ ಬೆರಳದ್ದಿ ನನ್ನ ಅಂಗೈಗೆ ಒರೆಸಿದರು. ಮರಳು! ಬುಷ್ ಪೂರ್ತಿ ತಿಂದುಹೋಗಿತ್ತು. ಅವರು ಅದನ್ನು ತಮ್ಮ ವರ್ಕ್‌ಶಾಪಿನ ಲೇತಿನಲ್ಲಿ ಹೊಸದಾಗಿ ಕಡೆದುಕೊಟ್ಟರು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತು ಅದು. ಹೆಸರಾಂತ ಕಂಪನಿಯ ಯಂತ್ರ ನಕಲಿ ಇಂಜಿನ್ನಿಗೆ ಜೀವ ಕೊಟ್ಟ ತಮಾಷೆ ಆಗ ಹೊಳೆದಿರಲಿಲ್ಲ. ಇಷ್ಟಕ್ಕೆ ಹದಿನೇಳು ದಿನ ಹಿಡಿಯಿತು. ಅಷ್ಟರಲ್ಲಿ ಹೊಸದಾಗಿ ನೆಟ್ಟಿದ್ದ ಸಸಿಗಳಲ್ಲಿ ಹನ್ನೊಂದು ಒಣಗಿದವು. ಅವ್ವನಂತಿದ್ದ ನನ್ನ ಅಜ್ಜಿ ಆ ಸಸಿಗಳನ್ನು ಒಂದೊಂದಾಗಿ ಕಿತ್ತು ಬದುವಿನ ಮೇಲೆ ಸಾಲಾಗಿ ಇಟ್ಟರು. ಅಪ್ಪ ಏನೂ ಮಾತನಾಡಲಿಲ್ಲ.

ಆ ಮೇಲೆ ಅದೇ ಇಂಜಿನ್ ಇಪ್ಪತ್ತು ವರ್ಷ ಓಡಿತೆಂದರೆ ನಂಬುವಿರಾ? ನಾನು ಹ್ಯಾಂಡಲ್ ತಿರುಗಿಸುವುದು, ತಮ್ಮ ವಾಲ್ವ್ ಎತ್ತಿ ಹಿಡಿದು ವೇಗ ಬಂದೊಡನೆ ಬಿಡುವುದು. ಡುಗ್, ಡುಗ್ ಎಂದು ಊರಿಗೆಲ್ಲ ಕೇಳುವ ಸದ್ದು. ರಿಂಗ್, ನಾಝಲ್, ಗ್ಯಾಸ್ಕೆಟ್ ಎಲ್ಲವೂ ತಿಪಟೂರಿನ ಯಾವ ಅಂಗಡಿಯಲ್ಲೂ ಸಿಗುತ್ತಿದ್ದವು. ಯಾವ ಕಾರ್ಖಾನೆಯ ನಕಲಿಗೆ ಯಾವ ಕಾರ್ಖಾನೆಯ ಭಾಗ ಹಾಕಿದರೂ ಸ್ವಲ್ಪ ಅರ ಹಾಕಿ ಉಜ್ಜಿದರೆ ಕೂರುತ್ತಿತ್ತು.

ಇನ್ನೊಂದು ವಿಷಯವನ್ನು ದೊಡ್ಡಪ್ಪನವರಿಗೆ ಹೇಳಬೇಕಿತ್ತು. ನನಗೆ ಅದು ತಿಳಿಯುವ ವೇಳೆಗೆ ಅವರಿರಲಿಲ್ಲ. ಅವರು ಮೆಚ್ಚಿದ ಕಿರ್ಲೋಸ್ಕರ್ ಹೆಸರೂ ಒಂದು ಕಾಲಕ್ಕೆ ಯಾರೂ ನಂಬದ ಹೆಸರಾಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಮೇವು ಕತ್ತರಿಸುವ ಯಂತ್ರ ಮಾಡಿದರು, 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹಿಂಜರಿದು, ಆ ನೇಗಿಲುಗಳು ಬಹುಕಾಲ ಮಾರಾಟವಾಗದೆ ಬಿದ್ದಿದ್ದವು. ಪುಣೆಯ ಆಯಿಲ್ ಇಂಜಿನ್ ಕಂಪನಿ ಬಂದದ್ದು 1946ರಲ್ಲಿ.

ರಾಜಕೋಟೆಯ ಕಥೆಯೂ ಹೀಗೆಯೇ ಸಾಗಿತು. ಅಲ್ಲಿನ ಪಿ.ಎಂ. ಡೀಸೆಲ್ಸ್ ಕಂಪನಿಯ ‘ಫೀಲ್ಡ್ ಮಾರ್ಷಲ್’ ಎಂಬ ಹೆಸರು ಎಷ್ಟು ಬೆಲೆಬಾಳತೊಡಗಿತೆಂದರೆ, ಅದೇ ಹೆಸರಿಗಾಗಿ ದಶಕಗಳ ವ್ಯಾಜ್ಯ ನಡೆದು 2017ರಲ್ಲಿ ಸುಪ್ರೀಂ ಕೋರ್ಟು ಆ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಡರ್ಸ್ಲಿಯಲ್ಲಿ ಆ ಲಿಸ್ಟರ್ ತಯಾರಿಕೆ 1987ರಲ್ಲಿ ನಿಂತುಹೋಯಿತು. ಅನಂತರ ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳ ಹವ್ಯಾಸಿಗಳು ‘ಲಿಸ್ಟರಾಯ್ಡ್’ ಎಂಬ ಅಡ್ಡಹೆಸರಿಟ್ಟು ರಾಜಕೋಟೆಯ ಇಂಜಿನ್‌ಗಳನ್ನೇ ತರಿಸಿಕೊಂಡರು. ಬಂದೊಡನೆ ಬಿಚ್ಚಿ ಮರಳು ತೊಳೆಯುವುದು ಅವರಿಗೂ ಮೊದಲ ಕೆಲಸವಾಯಿತು.

ಅಂಗಡಿಗೆ ಮರಳುತ್ತೇನೆ. “ಚೈನಾದ್ದಕ್ಕೆ ಕಾರ್ಬೊರೇಟರ್ ಸಿಗುತ್ತದೆಯೇ?” ಎಂದು ಕೇಳಿದೆ. ಅವನು ಡ್ರಾಯರ್ ಎಳೆದು ಆರು ತೋರಿಸಿದ. “ಹೋಂಡಾದ್ದಕ್ಕೆ?” “ಬೆಂಗಳೂರಿಂದ ತರಿಸಬೇಕು ಸಾರ್, ನಾಲ್ಕೈದು ದಿನ.” ಪಕ್ಕದಲ್ಲೇ ಮರ ಕೊಯ್ಯುವ ಚೈನ್ ಗರಗಸದ ನಕಲೂ ಇತ್ತು. ಬಲು ಅಗ್ಗ. ಅದನ್ನು ಮುಟ್ಟಲಿಲ್ಲ. ಗರಗಸ ಹಿಮ್ಮೆಟ್ಟಿ ಮುಖಕ್ಕೆ ಬಂದಾಗ ಸರಪಳಿಯನ್ನು ನಿಲ್ಲಿಸಬೇಕಾದ ಬ್ರೇಕು ಕೈಕೊಟ್ಟರೆ ಅದನ್ನು ಲೇತಿನಲ್ಲಿ ಕಡೆದು ಸರಿಪಡಿಸುವ ಮೇಸ್ತ್ರಿ ಯಾರೂ ಇಲ್ಲ.

ಹುಲ್ಲು ಕೊಯ್ಯಲು ಚೈನಾದ್ದನ್ನೇ ತಂದೆ. ಮೊದಲ ದಿನ ಒಂದು ಗಂಟೆ ಓಡಿಸಿ, ಆಯಿಲ್ ಬಸಿದು ಹಳೆಯ ಬಿಳಿ ಪಂಚೆಯ ತುಂಡಿನ ಮೇಲೆ ಸುರಿದು ಬಿಸಿಲಿಗೆ ಹಿಡಿದು ನೋಡಿದೆ. ಮರಳಿರಲಿಲ್ಲ, ಸಣ್ಣಗೆ ಲೋಹದ ಹೊಳಪಿತ್ತು. ಹೊಸ ಆಯಿಲ್ ತುಂಬಿ ಬಾವಿಯ ಕಡೆಯ ಸಾಲಿನಿಂದ ಶುರುಮಾಡಿದೆ.