180ಕ್ಕೆ 95 ಅಂದ್ರೆ ಎಷ್ಟನೇ ರ‍್ಯಾಂಕ್?

ಹೋದ ಸಲ ಹಬ್ಬಕ್ಕೆ ಲೋಕಾಪುರಕ್ಕೆ ಹೋದಾಗ ಕಾಕಾನ ಮಗ ಮಾದರಿ ಸಿಇಟಿಯ ಹಾಳೆ ಹಿಡಕೊಂಡು ಬಂದ. "ಅಣ್ಣಾ, ಮೂರೂ ಕೂಡಿ 95 ಬಂದಾವ. ರ‍್ಯಾಂಕ್ ಎಷ್ಟ ಬರತೈತಿ?" ಸಾಫ್ಟ್‌ವೇರ್‌ನವರಿಗೆ ಎಲ್ಲ ಲೆಕ್ಕ ಗೊತ್ತಿರುತ್ತೆ ಅನ್ನೋದು ಊರಿನವರ ನಂಬಿಕೆ :)

2015ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಹಳೇ ಪ್ರಶ್ನೆಪತ್ರಿಕೆಗಳ ಜೆರಾಕ್ಸ್, ಗೋಡೆ ಗಡಿಯಾರ, ಪತ್ರಿಕೆಗೆ 80 ನಿಮಿಷ. ಬಂದ ಅಂಕವನ್ನು ಹಿಂದಿನ ವರ್ಷದವರ ಅಂಕದ ಪಕ್ಕ ಇಟ್ಟು ರ‍್ಯಾಂಕ್ ಊಹಿಸೋದು. ನಿಜವಾದ ಪರೀಕ್ಷೆಯಲ್ಲಿ 17 ಅಂಕ ಕಡಿಮೆ ಬಂತು, ಫಲಿತಾಂಶ ಬರೋವರೆಗೂ ಮನೆಯಲ್ಲಿ ಸೂತಕದ ಕಳೆ. ರ‍್ಯಾಂಕ್ ನೋಡಿದರೆ ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು! ನನ್ನ ಜೊತೆ ಬರೆದವರಿಗೂ ಕಡಿಮೆ ಬಂದಿತ್ತು, ಅಷ್ಟೆ.

ಅಮೆರಿಕದ ಎಸ್‌ಎಟಿಯಲ್ಲಿ ಈ ಗೋಳು ಅಷ್ಟಿಲ್ಲ. ಅಲ್ಲಿ ಪತ್ರಿಕೆ ಕಷ್ಟವಾದರೆ ಅಂಕದ ಅಳತೆಯನ್ನೇ ಸರಿದೂಗಿಸುತ್ತಾರೆ. 1941ರ ಏಪ್ರಿಲ್‌ನಲ್ಲಿ ಬರೆದವರ ಗುಂಪನ್ನು ಅಳತೆಗೋಲು ಮಾಡಿಕೊಂಡು 1995ರವರೆಗೂ ಅದಕ್ಕೇ ಕೊಂಡಿ ಹಾಕುತ್ತಾ ಬಂದರು. ನಮ್ಮ ಸಿಇಟಿಯಲ್ಲಿ ಒಂದು ಸರಿಯುತ್ತರಕ್ಕೆ ಒಂದು ಅಂಕ, ಮೇಲೆ ರ‍್ಯಾಂಕ್. ಬೇರೆ ಬೇರೆ ವರ್ಷದ ಪತ್ರಿಕೆಗಳ ನಡುವೆ ಸೇತುವೆ ಇಲ್ಲ.

ಹಾಗಂತ ಸಿಇಟಿಯನ್ನು ಬೈಯೋ ಹಾಗಿಲ್ಲ. ಕ್ಯಾಪಿಟೇಶನ್ ಶುಲ್ಕದ ವಿರುದ್ಧ ನಮ್ಮಲ್ಲಿ 1984ರಲ್ಲೇ ಕಾಯ್ದೆ ಬಂದಿತ್ತು. ಆಮೇಲೆ 1992ರ ಮೋಹಿನಿ ಜೈನ್, 1993ರ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದವು. 1994ರಲ್ಲಿ ಸಿಇಟಿ ಶುರುವಾಯಿತು. ನಮ್ಮಂಥ ಊರಿನ ಹುಡುಗರು ದುಡ್ಡಿನ ಗಂಟಿಲ್ಲದೆ ಕಾಲೇಜಿನ ಬಾಗಿಲು ಬಡಿಯುವಂತಾದದ್ದು ಅದರಿಂದಲೇ.

ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಮೂರು ವಿಷಯಗಳಿಂದ ಅರ್ಧ, ಸಿಇಟಿಯಿಂದ ಅರ್ಧ. ಪಿಯುಸಿ 300ಕ್ಕೆ, ಸಿಇಟಿ 180ಕ್ಕೆ. ಅಂದರೆ ಸಿಇಟಿಯ ಒಂದು ಪ್ರಶ್ನೆಗೆ ಸುಮಾರು 0.28 ತೂಕ, ಪಿಯುಸಿಯ ಒಂದು ಅಂಕಕ್ಕೆ 0.17. ಮಾದರಿ ಪರೀಕ್ಷೆ ಹೇಳೋದು ಅರ್ಧ ಕಥೆ ಮಾತ್ರ.

ಈ ತಕ್ಕಡಿ ಒಮ್ಮೆ ಅಲ್ಲಾಡಿದ್ದು ಕೊರೊನಾ ಕಾಲದಲ್ಲಿ. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಯಿಂದ 45, ಪ್ರಥಮ ಪಿಯುಸಿಯಿಂದ 45, ಆಂತರಿಕ ಮೌಲ್ಯಮಾಪನದಿಂದ 10 ಸೇರಿಸಿ ಅಂಕ ಕೊಟ್ಟರು. 2,239 ಮಂದಿಗೆ 600ಕ್ಕೆ 600! ಆ ವರ್ಷದ ರ‍್ಯಾಂಕಿಗೆ ಸಿಇಟಿ ಅಂಕವೊಂದೇ ಆಧಾರ. 2022ರಲ್ಲಿ ಅದೇ ಹುಡುಗರು ಮತ್ತೆ ಬರೆದಾಗ ಹೊಸಬರಿಗೆ ಪಿಯುಸಿ ಅಂಕ ಸೇರಿತು, ಇವರಿಗೆ ಇಲ್ಲ. ಸುಮಾರು 24 ಸಾವಿರ ಮಂದಿಯ ಪ್ರಶ್ನೆ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಒಂದು ಸಮಿತಿಯ ಸೂತ್ರ ಒಪ್ಪಿತು: ಅವರ ಪಿಯುಸಿ ಅಂಕ ಸೇರಿಸಿ, ಆದರೆ ವಿಷಯಕ್ಕೆ ಸರಾಸರಿ 6 ಅಂಕ ಕಳೆಯಿರಿ.

ಆರೇ ಅಲ್ಲವಾ ಅನ್ನಬೇಡಿ. ಮೂರು ವಿಷಯಕ್ಕೆ 18, ಅದು ರ‍್ಯಾಂಕ್ ಲೆಕ್ಕದಲ್ಲಿ 3. ಸಿಇಟಿಯಲ್ಲಿ ಅದನ್ನು ತುಂಬಿಕೊಳ್ಳೋಕೆ ಹನ್ನೊಂದು ಪ್ರಶ್ನೆ ಹೆಚ್ಚು ಸರಿ ಮಾಡಬೇಕು. ಒಮ್ಮೆ ಪ್ರಕಟವಾದ ರ‍್ಯಾಂಕ್ ಪಟ್ಟಿಯನ್ನು ಮತ್ತೆ ಬದಲಿಸಿದರು. ಪೈಪೋಟಿ ಇರೋ ಕಡೆ ಹನ್ನೊಂದು ಪ್ರಶ್ನೆ ಅಂದರೆ ಕಾಲೇಜೇ ಬದಲಾಗುತ್ತೆ. ಸೂತ್ರ ತಪ್ಪು ಅಂತ ನಾನು ಹೇಳಲಾರೆ, ಏನೂ ಸೇರಿಸದೇ ಇರೋದಕ್ಕಿಂತ ಮೇಲು. ಆದರೆ ಮನೆಯಲ್ಲಿ ಕೂತು ಅಂದಾಜು ಹಾಕಿದ ಯಾವ ಹುಡುಗ ಇದನ್ನು ಮುಂಚೆಯೇ ಲೆಕ್ಕಕ್ಕೆ ತಗೊಂಡಿದ್ದಾನು?

2024ರಲ್ಲಿ ಇನ್ನೊಂದು. ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದವು ಅಂತ ಗಲಾಟೆಯಾಗಿ, ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50 ಕೈಬಿಟ್ಟರು. ಅವುಗಳಿಗೆ ಕಷ್ಟಪಟ್ಟು ಸರಿಯುತ್ತರ ಬರೆದವರ ಶ್ರಮ ನೀರಲ್ಲಿ ಹೋಮ.

ಹೀಗಾಗಿ ತಮ್ಮನಿಗೆ ಒಂದೇ ಸಂಖ್ಯೆ ಹೇಳಲಿಲ್ಲ. ಅವನ ಐದು ಮಾದರಿ ಪರೀಕ್ಷೆಗಳ ಅಂಕ ಬರೆಸಿದೆ: 81, 88, 104, 90, 95. ಪ್ರತಿ ಸಲ ಜೊತೆಯವರಲ್ಲಿ ಎಷ್ಟನೆಯವನಾಗಿದ್ದ ಅಂತ ಪಕ್ಕದಲ್ಲಿ ಬರೆಯೋಕೆ ಹೇಳಿದೆ. 104 ಬಂದ ದಿನ ಪತ್ರಿಕೆ ಸುಲಭ, ಅವನು ಹದಿನಾಲ್ಕನೆಯವ. 88 ಬಂದ ದಿನ ಆರನೆಯವ! ಆಮೇಲೆ ಅವನ ಪಿಯುಸಿ ಅಂಕಕ್ಕೂ ಒಂದು ಮೇಲಿನ, ಒಂದು ಕೆಳಗಿನ ಅಂದಾಜು ಹಾಕಿ, ಎರಡು ರ‍್ಯಾಂಕ್‌ಗಳ ನಡುವಿನ ದೊಡ್ಡ ಅಂತರವನ್ನೇ ಬರೆದುಕೊಟ್ಟೆ.

ಕಾಕಾ ಚೀಟಿ ನೋಡಿ ಕೇಳಿದರು, "ಅಂದ್ರ ಬಾಗಲಕೋಟಿ ಕಾಲೇಜ್ ಸಿಗತೈತೋ ಇಲ್ಲೋ, ಅದನ್ನ ಹೇಳೋ ತಮ್ಮಾ."